ಮೈನಿಂಗ್ ಮಾಸ್ಟರ್ಸ್: ಬಂಡೆಯೋ, ಗಾಳಿಯೋ, ಬ್ಲಾಕ್ ಮಾಡೆಲ್ಲೋ?

ಮೈನಿಂಗ್ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮಾಡುವವರಿಗೆ ಕೋರ್ಸುಗಳು ಮುಗಿಯುತ್ತಾ ಬಂದಂತೆ ಒಂದೇ ಚಿಂತೆ: ಥೀಸಿಸ್ ಯಾವುದರಲ್ಲಿ ಮಾಡೋದು? ಹೆಚ್ಚಿನವರ ಕಣ್ಣಮುಂದೆ ಇರೋದು ರಾಕ್ ಮೆಕ್ಯಾನಿಕ್ಸ್ (ಬಂಡೆ ಎಷ್ಟು ಭಾರ ತಡೆಯುತ್ತೆ ಅನ್ನೋದು), ವೆಂಟಿಲೇಷನ್ (ಗಣಿಯೊಳಗೆ ಗಾಳಿ ಹರಿಸೋದು), ಮೈನ್ ಪ್ಲಾನಿಂಗ್ (ಎಲ್ಲಿ, ಎಷ್ಟು ಅಗೆಯಬೇಕು ಅನ್ನೋ ಲೆಕ್ಕ). ನಾನು ಮೂರರಲ್ಲೂ ಸಣ್ಣ ಪ್ರಾಜೆಕ್ಟ್ ಮಾಡಿ ನೋಡಿ, ಆಮೇಲೆ ಥೀಸಿಸ್‌ಗೆ ಕೈಹಾಕಿದೆ.

ಸೀನಿಯರ್‌ಗಳನ್ನು ಕೇಳಿದರೆ ಯಾವುದರಲ್ಲಿ ಕೆಲಸ ಬೇಗ ಸಿಗುತ್ತೆ ಅಂತ ಹೇಳುತ್ತಾರೆ. ಅದೂ ಬೇಕು, ಬೇಡ ಅನ್ನಲ್ಲ. ಆದರೆ ಓದುವ ದೃಷ್ಟಿಯಿಂದ ನನಗೆ ಮುಖ್ಯ ಅನ್ನಿಸಿದ್ದು ಬೇರೆ: ನಾನು ಹಾಕಿದ ಲೆಕ್ಕ ಸರಿಯೋ ತಪ್ಪೋ ಅಂತ ನನಗೆ ಎಷ್ಟು ಬೇಗ ಗೊತ್ತಾಗುತ್ತದೆ? ಈ ಮೂರಕ್ಕೂ ನಿಜವಾದ ವ್ಯತ್ಯಾಸ ಅಲ್ಲೇ ಇರೋದು.

ಮೊದಲು ರಾಕ್ ಮೆಕ್ಯಾನಿಕ್ಸ್. ಇಲ್ಲಿ ಡೇಟಾ ಯಾರೂ ತಂದುಕೊಡುವುದಿಲ್ಲ, ನೀವೇ ಕೈಯಾರೆ ಮಾಡಿಕೊಳ್ಳಬೇಕು. ಬಂಡೆಯಿಂದ ಕೋರ್, ಅಂದರೆ ಸಿಲಿಂಡರ್ ಆಕಾರದ ತುಂಡು, ಕೊರೆದು ತೆಗೆಯಬೇಕು, ವ್ಯಾಸದ ಎರಡೂವರೆಯಿಂದ ಮೂರು ಪಟ್ಟು ಉದ್ದಕ್ಕೆ ಕತ್ತರಿಸಬೇಕು, ಎರಡೂ ತುದಿ ಉಜ್ಜಬೇಕು. ತುದಿಯ ಏರುಪೇರು 0.02 ಮಿಲಿಮೀಟರ್ ದಾಟಬಾರದು. ಈ ಉಜ್ಜುವ ಕೆಲಸಕ್ಕೆ ಹಿಡಿಯುವ ಸಮಯ ಸಿಲೆಬಸ್ ನೋಡಿದರೆ ಗೊತ್ತಾಗುವುದೇ ಇಲ್ಲ. ಆಮೇಲೆ ಪ್ರೆಸ್‌ನಲ್ಲಿಟ್ಟು ನಿಧಾನಕ್ಕೆ ಒತ್ತಡ ಏರಿಸುತ್ತೀರಿ. ಗಟ್ಟಿ ಬಂಡೆಯಾದರೆ ಐದರಿಂದ ಹತ್ತು ನಿಮಿಷ ಸುಮ್ನೆ ಕೂತಿರುತ್ತದೆ. ಒಳಗೆ ಅಲ್ಲೊಂದು ಇಲ್ಲೊಂದು ಚಿಟ್ ಅನ್ನುವ ಸದ್ದು. ಕೊನೆಗೆ ಧಡ್ ಅಂತ ಒಡೆದು ಚೂರು ಸಿಡಿಯುತ್ತದೆ. ಒಂದೇ ಕಲ್ಲಿನಿಂದ ತೆಗೆದ, ನೋಡೋಕೆ ಒಂದೇ ಥರ ಇದ್ದ ಪಕ್ಕದ ಕೋರ್ ಎಷ್ಟೋ ಕಡಿಮೆ ಒತ್ತಡಕ್ಕೇ ಒಡೆದು ಹೋಗುತ್ತದೆ.

ಆ ಏರುಪೇರೇ ಈ ವಿಷಯದ ಜೀವ. ಲ್ಯಾಬಿನಲ್ಲಿ ಒಡೆದದ್ದು ಅಂಗೈಯಗಲದ ಕಲ್ಲು. ಗಣಿಯೊಳಗೆ ನಿಂತಿರುವುದು ಬಿರುಕು, ಪದರ, ನೀರು ಎಲ್ಲಾ ಇರುವ ಬೆಟ್ಟ. ಈ ಎರಡರ ನಡುವೆ ಸೇತುವೆ ಕಟ್ಟೋಕೆ ಬಂದವೇ ಬಿರುಕು, ನೀರು ನೋಡಿ ಬಂಡೆಗೆ ಅಂಕ ಕೊಡುವ 1973ರ ಬೀನಿಯಾವ್‌ಸ್ಕಿ ಅವರ ಆರ್‌ಎಂಆರ್, 1974ರ ಬಾರ್ಟನ್ ಮತ್ತು ಜೊತೆಗಾರರ ಕ್ಯೂ ಪದ್ಧತಿ, ಬಿರುಕು ಬಿಟ್ಟ ಬಂಡೆಯ ಬಲ ಅಂದಾಜಿಸುವ 1980ರ ಹೋಕ್–ಬ್ರೌನ್ ಸೂತ್ರ. ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಕಲ್ಲಿದ್ದಲು ಗಣಿ 1960ರಲ್ಲಿ ಕುಸಿದು 400ಕ್ಕೂ ಹೆಚ್ಚು ಜನ ಸತ್ತರು. ಅದರ ನಂತರ ಸಲಾಮನ್ ಮತ್ತು ಮನ್ರೋ ಅನ್ನುವ ಸಂಶೋಧಕರು, ಗಟ್ಟಿಯಾಗಿ ನಿಂತ ಪಿಲ್ಲರ್‌ಗಳ (ಚಾವಣಿ ಹೊರಲೆಂದು ಅಗೆಯದೆ ಬಿಟ್ಟ ಕಂಬಗಳ) 98 ಉದಾಹರಣೆ, ಕುಸಿದವುಗಳ 27 ಉದಾಹರಣೆ ಒಟ್ಟುಹಾಕಿ 1967ರಲ್ಲಿ ಪಿಲ್ಲರ್ ಬಲದ ಸೂತ್ರ ಕೊಟ್ಟರು. ಅದನ್ನು ಓದುವಾಗ ನನಗೆ ಮೈ ಜುಮ್ಮೆಂದಿತ್ತು. ಆ ಸೂತ್ರದ ಪ್ರತಿ ಅಂಕಿಯ ಹಿಂದೆಯೂ ನಿಜವಾದ ಗಣಿ ಇದೆ. ನೀವು ಡಿಸೈನ್ ಮಾಡಿದ ಪಿಲ್ಲರ್ ಸರಿಯಿದೆಯಾ ಅಂತ ತಿಳಿಯೋಕೆ ವರ್ಷಗಟ್ಟಲೆ ಕಾಯಬೇಕು, ಅಷ್ಟು ಹೊತ್ತಿಗೆ ನೀವು ಕ್ಯಾಂಪಸ್ ಬಿಟ್ಟಿರುತ್ತೀರಿ. ಇದು ಇದರ ಕೊರತೆ. ಆದರೂ ಸಂಶೋಧನೆಯಲ್ಲೇ ಮುಂದುವರಿಯುವ, ಪಿಎಚ್‌ಡಿ ಮಾಡುವ ಮನಸ್ಸಿದ್ದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೈನ್ ಪ್ಲಾನಿಂಗ್ ಪೂರ್ತಿ ಬೇರೆ. ಇಲ್ಲಿ ಡೇಟಾ ಸಿದ್ಧವಾಗಿ ಕೈಗೆ ಬರುತ್ತದೆ. ಬೋರ್‌ಹೋಲ್ ಮಾಹಿತಿ ಕೊಡ್ತಾರೆ, ಅದರಿಂದ ಬ್ಲಾಕ್ ಮಾಡೆಲ್ (ನೆಲದಡಿಯ ಜಾಗವನ್ನು ಸಣ್ಣ ಇಟ್ಟಿಗೆಗಳಂತೆ ಭಾಗಿಸಿ, ಪ್ರತಿಯೊಂದರ ಅದಿರನ್ನು ಅಂದಾಜಿಸುವ ಕಂಪ್ಯೂಟರ್ ಮಾದರಿ) ಕಟ್ಟುತ್ತೀರಿ, ಪಿಟ್, ಅಂದರೆ ತೆರೆದ ಗಣಿಯ ಗುಂಡಿ, ಎಲ್ಲಿವರೆಗೆ ಹೋಗಬೇಕು ಅಂತ ಸಾಫ್ಟ್‌ವೇರ್ ಹೇಳುತ್ತದೆ. ಲರ್ಕ್ಸ್ ಮತ್ತು ಗ್ರಾಸ್‌ಮನ್ 1965ರಲ್ಲಿ ಕೊಟ್ಟ ವಿಧಾನ ಈ ಲೆಕ್ಕದ ಬುನಾದಿ. ಬಣ್ಣಬಣ್ಣದ ಪಿಟ್ ಪರದೆ ಮೇಲೆ ತಿರುಗುವಾಗ ಎಲ್ಲಾ ಗೆದ್ದ ಹಾಗೆ ಅನ್ನಿಸುತ್ತದೆ. ಲೋಹದ ಬೆಲೆಯನ್ನು ಸ್ವಲ್ಪ ಇಳಿಸಿ ಮತ್ತೆ ಓಡಿಸಿ ನೋಡಿ. ಪಿಟ್‌ನ ತಳ ಮೇಲೆ ಬಂದಿರುತ್ತದೆ, ಒಂದು ಬದಿಯ ಅದಿರೆಲ್ಲಾ ಲೆಕ್ಕದಿಂದಲೇ ಹೊರಗೆ ಹೋಗಿರುತ್ತದೆ. ನೆಲದಡಿ ಏನೂ ಬದಲಾಗಿಲ್ಲ, ಅಲ್ವಾ?

ಈ ದಾರಿ ಹಿಡಿಯುವವರು ಡ್ಯಾನಿ ಕ್ರೀಗ್ ಅವರ ಕೆಲಸ ಓದಲೇಬೇಕು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳ ಡೇಟಾ ಇಟ್ಟುಕೊಂಡು ಅವರು 1951ರಲ್ಲಿ ಬರೆದದ್ದು ಒಂದು ಮಾಸ್ಟರ್ಸ್ ಥೀಸಿಸ್. ಸ್ಯಾಂಪಲ್ ನೋಡಿ ಚಿನ್ನ ಹೆಚ್ಚಿದೆ ಅಂದುಕೊಂಡ ಬ್ಲಾಕ್‌ಗಳು ಅಗೆದಾಗ ಸರಾಸರಿಯಲ್ಲಿ ಅಂದಾಜಿಗಿಂತ ಬಡವಾಗಿರುತ್ತಿದ್ದವು. ಬಡ ಅಂದುಕೊಂಡವು ಅಂದಾಜಿಗಿಂತ ಚೆನ್ನಾಗಿರುತ್ತಿದ್ದವು. ಇದನ್ನು ಲೆಕ್ಕಕ್ಕೆ ತರುವ ದಾರಿ ಅವರು ತೋರಿಸಿದರು. ಫ್ರಾನ್ಸಿನ ಮಾಥೆರಾನ್ ಅದನ್ನು ಬೆಳೆಸಿದರು, ಆ ಅಂದಾಜಿನ ವಿಧಾನಕ್ಕೆ ಕ್ರೀಗ್ ಹೆಸರಿನಿಂದಲೇ ಕ್ರೀಗಿಂಗ್ ಅಂತ ಹೆಸರು ಬಂತು. ಮಾಸ್ಟರ್ಸ್ ಥೀಸಿಸ್‌ನಿಂದ ಏನಾಗುತ್ತೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳೋದು.

ಆದರೆ ಗಮನಿಸಿ: ಕ್ರೀಗ್ ಅವರ ಹತ್ತಿರ ಅಗೆದ ಮೇಲಿನ ಡೇಟಾ ಇತ್ತು. ನಮಗೆ ಬಹಳ ಸಲ ಬೋರ್‌ಹೋಲ್ ಮಾತ್ರ ಸಿಗುತ್ತದೆ. ಸರಿಯುತ್ತರ ಯಾವುದು ಅಂತ ಯಾರೂ ಹೇಳದ ಪರೀಕ್ಷೆ ಬರೆದ ಹಾಗೆ. ನನ್ನ ಪ್ಲಾನಿಂಗ್ ಪ್ರಾಜೆಕ್ಟ್‌ಗೆ ಒಳ್ಳೆಯ ಮಾರ್ಕ್ಸೇ ಬಂತು, ಆದರೆ ನಾನು ಬರೆದದ್ದು ನಿಜವಾ ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಗಣಿಗೆ ಹೋಗುವ ಅವಕಾಶವೇ ಇಲ್ಲದವರಿಗೆ, ಕೋಡಿಂಗ್ ಇಷ್ಟ ಇರುವವರಿಗೆ ಇದು ಸರಿ. ಒಂದೇ ಷರತ್ತು. ಉತ್ಪಾದನೆಯ ದಾಖಲೆಯೂ ಸಿಗುವಂಥ ಡೇಟಾವನ್ನೇ ಕೇಳಿ ಪಡೆಯಿರಿ.

ಇನ್ನು ವೆಂಟಿಲೇಷನ್. ಹೆಚ್ಚಿನವರು ಇದನ್ನು ಬೋರು ಅಂತ ಬದಿಗಿಡುತ್ತಾರೆ. ನಾನು ಥೀಸಿಸ್‌ಗೆ ಆರಿಸಿಕೊಂಡದ್ದು ಇದನ್ನೇ, ಎರಡು ವರ್ಷದ ಓದಿಗೆ ಇದೇ ಅತ್ಯುತ್ತಮ ಅಂತ ಈಗಲೂ ಹೇಳುತ್ತೇನೆ.

ಕಾರಣ ಸರಳ. ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಕೈಯಲ್ಲಿ ಹಿಡಿದು, ಮೈಯಿಂದ ದೂರ ಚಾಚಿ, ಸುರಂಗದ ಅಡ್ಡಗಲವೆಲ್ಲಾ ಬರುವ ಹಾಗೆ ಒಂದೇ ವೇಗದಲ್ಲಿ ಆಡಿಸುತ್ತೀರಿ. ಗಾಳಿಯ ವೇಗವನ್ನು ಸುರಂಗದ ವಿಸ್ತೀರ್ಣದಿಂದ ಗುಣಿಸಿದರೆ ಎಷ್ಟು ಗಾಳಿ ಹರಿಯುತ್ತಿದೆ ಅಂತ ಗೊತ್ತಾಯಿತು. ಒಂದು ಕೂಡುದಾರಿಗೆ ಒಳಬಂದ ಗಾಳಿ, ಹೊರಹೋದ ಗಾಳಿ ತಾಳೆಯಾಗಬೇಕು. ನಮ್ಮ ಸರ್ವೆಯಲ್ಲಿ ಒಂದು ಕಡೆ ತಾಳೆಯಾಗಲೇ ಇಲ್ಲ. ಮತ್ತೆ ಅಳೆದರೂ ಅದೇ ಕೊರತೆ. ದಾರಿಯುದ್ದಕ್ಕೂ ಹುಡುಕುತ್ತಾ ಹೋದಾಗ ಒಂದು ಗಾಳಿಬಾಗಿಲಿನ (ಗಾಳಿ ಬೇರೆ ದಾರಿಗೆ ಹೋಗದಂತೆ ತಡೆಯುವ ಬಾಗಿಲಿನ) ಕೆಳಗಿನ ರಬ್ಬರ್ ಪಟ್ಟಿ ಹರಿದಿತ್ತು. ಕೈ ಒಡ್ಡಿದರೆ ಗಾಳಿ ರೊಯ್ಯನೆ ಬಡಿಯುತ್ತಿತ್ತು. ಕಾಗದದ ಮೇಲಿನ ವ್ಯತ್ಯಾಸ ಅಂದೇ ಅಂಗೈಗೆ ಸಿಕ್ಕಿತು. ಬೇರೆ ಎರಡು ವಿಷಯಗಳಲ್ಲಿ ಇಂಥದ್ದು ಒಂದೂ ನನಗೆ ಸಿಗಲಿಲ್ಲ.

ಥಿಯರಿಯೂ ಕಡಿಮೆಯೇನಿಲ್ಲ. ಅಟ್ಕಿನ್ಸನ್ 1854ರಲ್ಲಿ ಬರೆದಿಟ್ಟ ಸಂಬಂಧ ಇಂದಿಗೂ ನಡೆಯುತ್ತದೆ: ಬೇಕಾದ ಒತ್ತಡ ಗಾಳಿಯ ಪ್ರಮಾಣದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ಸುರಂಗಗಳಲ್ಲಿ ಎರಡು ಪಟ್ಟು ಗಾಳಿ ಬೇಕೆಂದರೆ ನಾಲ್ಕು ಪಟ್ಟು ಒತ್ತಡ, ಎಂಟು ಪಟ್ಟು ವಿದ್ಯುತ್. ಹಾಗಾಗಿ ಒಂದು ಹರಿದ ಪಟ್ಟಿಗೂ ಫ್ಯಾನಿನ ಕರೆಂಟ್ ಬಿಲ್ಲಿಗೂ ನೇರ ನಂಟು. ಜೀವದ ಪ್ರಶ್ನೆಯಂತೂ ಇದ್ದೇ ಇದೆ. ಮೀಥೇನ್ ಗಾಳಿಯಲ್ಲಿ ಸುಮಾರು ಶೇಕಡಾ 5ರಿಂದ 15ರಷ್ಟು ಬೆರೆತರೆ ಒಂದು ಕಿಡಿ ಸಾಕು.

ಕಷ್ಟವೂ ಇದೆ. ಗಣಿ ಪ್ರತಿದಿನ ಬದಲಾಗುತ್ತದೆ. ಹೊಸ ಬಾಗಿಲು ಬರುತ್ತದೆ, ಹಳೆಯ ದಾರಿ ಮುಚ್ಚುತ್ತದೆ, ಮೊದಲು ಮಾಡಿದ ಮಾಡೆಲ್ ಹಳಸುತ್ತದೆ. ಒಳಗಿಳಿಯೋಕೆ ಅನುಮತಿ ಸಿಗೋದು ತಡವಾದರೆ ಇಡೀ ಥೀಸಿಸ್ ನಿಂತುಹೋಗುತ್ತದೆ. ಹಾಗಾಗಿ ಗೈಡ್ ಜೊತೆ ಮೊದಲ ಭೇಟಿಯಲ್ಲೇ ಕೇಳಿ: ಯಾವ ಗಣಿ, ಎಷ್ಟು ಸಲ ಒಳಗೆ ಬಿಡ್ತಾರೆ, ಉಪಕರಣ ಯಾರದು, ಅದರ ಕ್ಯಾಲಿಬ್ರೇಷನ್ ಯಾವಾಗ ಆಗಿದೆ. ಉತ್ತರ ಸಮಾಧಾನ ತಂದರೆ ಮುಂದುವರಿಯಿರಿ. ಸರ್ವೆ ಮಾಡುವ ದಿನ ಫ್ಯಾನ್ ನಿಲ್ಲಿಸುವ ಕೆಲಸ ಇಲ್ಲ ಅಂತ ಗಣಿಯ ವೆಂಟಿಲೇಷನ್ ಅಧಿಕಾರಿಯಿಂದ ಮೊದಲೇ ಖಚಿತ ಮಾಡಿಕೊಳ್ಳಿ. ಪ್ರತಿ ಅಳತೆಯ ಪಕ್ಕ ಸಮಯ ಮತ್ತು ಹತ್ತಿರದ ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಅಂತ ಬರೆದಿಡಿ.