ಕನ್ವೀನಿಯನ್ಸ್ ಫೀ 1,062 ರೂಪಾಯಿ

ಬ್ಯಾಂಡಿಗೆ ಐದಕ್ಕೆ ಐದು ಸ್ಟಾರ್, ಟಿಕೆಟ್ ಮಾರಿದ ಆ್ಯಪ್‌ಗೆ ಒಂದು. ಆ ಒಂದೂ ಯಾಕಂದ್ರೆ ಸೊನ್ನೆ ಒತ್ತೋಕೆ ಬರಲ್ಲ. ಆ್ಯಪ್ ಹೆಸರು ಬರೀತಿಲ್ಲ, ಬ್ಯಾಂಡ್ ಹೆಸರೂ ಬರೀತಿಲ್ಲ. ಬ್ಯಾಂಡ್ ಯಾವ್ದು ಅಂದ್ರೆ ಆ್ಯಪ್ ಯಾವ್ದು ಅಂತ ತಾನಾಗೇ ಗೊತ್ತಾಗತ್ತೆ. ಹೊರದೇಶದ ಮೆಟಲ್ ಬ್ಯಾಂಡು, ಬೆಂಗಳೂರಿನ ಮಾದಾವರದ ನೈಸ್ ಮೈದಾನ, ಅಷ್ಟು ಸಾಕು.

ನಾನೇನು ಈ ವಿಷಯಕ್ಕೆ ಹೊಸಬನಲ್ಲ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಕೇಳಿದೋನು. ಎರಡು ದಿನ ಮುಂಚೆ ಗುರಗಾಂವ್ ಶೋ ನಿಂತುಹೋಗಿ, ಇಲ್ಲಿ ಏನಾಗತ್ತೋ ಅಂತ ಊಟ ಸೇರಿರಲಿಲ್ಲ. ಆ ಕಾಗದದ ಟಿಕೆಟ್ ಇನ್ನೂ ಬೀರುವಿನಲ್ಲಿ ಎಲ್‌ಐಸಿ ಬಾಂಡ್ ಜೊತೆ ಇದೆ. ಅದಕ್ಕೂ ಹಿಂದೆ ಹೋದ್ರೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನ. 1939ರಲ್ಲಿ ಶುರುವಾದ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗೆ ಅಪ್ಪ ಕರ್ಕೊಂಡು ಹೋಗೋರು. ಟಿಕೆಟ್ ತಗೊಂಡೋರು ಪೆಂಡಾಲ್ ಒಳಗೆ ಕುರ್ಚಿ ಮೇಲೆ. ನಾವು ಹೊರಗೆ ಪೇಪರ್ ಹಾಸ್ಕೊಂಡು. ತನಿ ಆವರ್ತನ, ಅಂದ್ರೆ ಮೃದಂಗದೋರು ಒಬ್ಬರೇ ನುಡಿಸೋ ಭಾಗ, ಬಂತು ಅಂದ್ರೆ ಅಪ್ಪ ನನ್ನ ತೊಡೆ ಮೇಲೆ ತಾಳ ಹಾಕೋರು. ಕಿವಿಗೆ ಬೀಳೋದಕ್ಕೆ ಯಾರೂ ಕಾಸು ಕೇಳ್ತಿರಲಿಲ್ಲ.

ಈ ಸಲ ಬುಕಿಂಗ್ ಮಧ್ಯಾಹ್ನ 12ಕ್ಕೆ. ನಾನು ಆಡಿಟರ್ ಆಫೀಸಲ್ಲಿ ಕೆಲಸ ಮಾಡೋನು, ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿ ಹಿಂದೆ ಒಂದು ಕಿಟಕಿ, ಮೊಬೈಲಲ್ಲಿ ಇನ್ನೊಂದು, ಕಾಲೇಜಲ್ಲಿ ಮಗಳ ಕೈಲಿ ಮತ್ತೊಂದು. ಹನ್ನೆರಡು ಹೊಡೆದ ತಕ್ಷಣ ಒತ್ತಿದ್ದಕ್ಕೆ ಸಿಕ್ಕ ನಂಬರ್: ನಿಮ್ಮ ಮುಂದೆ 38,216 ಜನ. ಕಾರಣ ಆಮೇಲೆ ಹೊಳೀತು ಅನ್ನಿ. ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇರೋರಿಗೆ ಎರಡು ದಿನ ಮುಂಚೆನೇ ಬಾಗಿಲು ತೆಗೆದಿದ್ರು. ನಾವು ಕಾಯ್ತಿದ್ದದ್ದು ಅವರು ಬಿಟ್ಟಿದ್ದಕ್ಕೆ. ಕ್ಯಾಸೆಟ್ ಕಾಲದಿಂದ ಈ ಬ್ಯಾಂಡ್ ಕೇಳ್ತಾ ಬಂದಿದ್ದಕ್ಕೆ ಲೆಕ್ಕ ಇಲ್ಲ, ಕಾರ್ಡಿಗೆ ಇದೆ.

ಐವತ್ತು ನಿಮಿಷ ಆದ್ಮೇಲೆ ಒಳಗೆ ಬಿಟ್ರು. ಫೇಸ್ 1, ಅಂದ್ರೆ ಮೊದಲ ಕಂತಿನ ಟಿಕೆಟ್, ಸ್ಟ್ಯಾಂಡಿಂಗ್, ತಲೆಗೆ 4,500. ಎರಡು ಟಿಕೆಟ್. ಮೇಲ್ಗಡೆ ಏಳು ನಿಮಿಷದ ಗಡಿಯಾರ ಇಳೀತಾ ಇದೆ. ಆನ್‌ಲೈನಲ್ಲಿ ಕೊಳ್ಳೋ ಅನುಕೂಲಕ್ಕೆ ಅಂತ ಆ್ಯಪ್ ಹಾಕೋ ಕನ್ವೀನಿಯನ್ಸ್ ಫೀ ಶೇ 10, ಅಂದ್ರೆ 900. ಆ ಫೀ ಮೇಲೆ ಶೇ 18 ಜಿಎಸ್‌ಟಿ, 162. ಒಟ್ಟು 10,062. ಓಟಿಪಿ ಬಂತು, ಹಾಕಿದೆ, ಚಕ್ರ ತಿರುಗಿತು, ತಿರುಗಿತು. ಬ್ಯಾಂಕಿನಿಂದ ದುಡ್ಡು ಹೋಯ್ತು ಅಂತ ಮೆಸೇಜು. ಪರದೆ ಮೇಲೆ "ಸೆಷನ್ ಎಕ್ಸ್‌ಪೈರ್ಡ್". ಮಗಳ ಫೋನ್: "ಅಪ್ಪಾ, ಆಯ್ತಾ?" ಏನ್ ಹೇಳ್ಲಿ.

ಮತ್ತೆ ಕ್ಯೂ. ಮತ್ತೆ ಒಳಗೆ ಹೋಗೋ ಹೊತ್ತಿಗೆ ಫೇಸ್ 1 ಖಾಲಿ, ಅದೇ ಜಾಗ, ಅದೇ ಮಣ್ಣು, ಫೇಸ್ 2 ಅಂತ 5,500. ತಗೊಂಡೆ. ಫ್ಯಾನ್ ಅಂದ್ರೆ ಇಷ್ಟೇ, ಬೈಕೊಂಡೇ ತಗೊಳ್ತೀವಿ.

ಮೊದಲು ಹೋದ ದುಡ್ಡು ಒಂಬತ್ತನೇ ದಿನ ವಾಪಸ್ ಬಂತು, ಆದ್ರೆ 9,000 ಮಾತ್ರ. ಆ್ಯಪ್‌ನ ಚಾಟ್‌ನಲ್ಲಿ ಕೇಳಿದ್ರೆ ಕನ್ವೀನಿಯನ್ಸ್ ಫೀ ವಾಪಸ್ ಕೊಡೋ ಪದ್ಧತಿ ಇಲ್ಲವಂತೆ. ಟಿಕೆಟ್ಟೇ ಕೊಡದೆ ಯಾವ ಕನ್ವೀನಿಯನ್ಸು ಸ್ವಾಮಿ? ಮೂರು ಸಲ ಬರೆದೆ, ಮೂರು ಸಲವೂ ಅದೇ ಉತ್ತರ, ಕೊನೆಗೆ "ನಿಮ್ಮ ದೂರು ಬಗೆಹರಿದಿದೆ" ಅಂತ ಮುಚ್ಚಿಬಿಟ್ರು. ಇಲ್ಲಿ ನಿಮಗೆ ಉಪಯೋಗಕ್ಕೆ ಬರೋ ಮಾತು: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಬ್ಯಾಂಕ್ ಮೆಸೇಜು, ಚಾಟ್‌ನ ಸ್ಕ್ರೀನ್‌ಶಾಟು ಎಲ್ಲ ಇಟ್ಕೊಂಡಿದ್ದೆ, ವೃತ್ತಿ ಚಟ. ದೂರು ದಾಖಲಾಗಿ ಎರಡು ವಾರದೊಳಗೆ 1,062 ಖಾತೆಗೆ ಬಂತು. ಕ್ಷಮೆ ಬರಲಿಲ್ಲ, ನಾನೂ ನಿರೀಕ್ಷೆ ಮಾಡಿರಲಿಲ್ಲ.

ಇಷ್ಟಾಗಿದ್ರೆ ಮರೀತಿದ್ದೆ. ಶೋಗೆ ಎರಡು ದಿನ ಇದೆ ಅನ್ನೋವಾಗ ಅದೇ ಆ್ಯಪ್‌ನಿಂದ ನೋಟಿಫಿಕೇಶನ್: ಸ್ಟ್ಯಾಂಡಿಂಗ್ ಟಿಕೆಟ್, ಒಂದು ಕೊಂಡ್ರೆ ಒಂದು ಫ್ರೀ! ನಾನು ಹನ್ನೊಂದು ಸಾವಿರ ಪ್ಲಸ್ ಫೀ ಕೊಟ್ಟ ಜಾಗಕ್ಕೆ ಈಗ ಅರ್ಧ. ಮೊದಲ ನಿಮಿಷದಲ್ಲಿ ಓಡಿ ಬಂದೋನಿಗೆ ಜಾಸ್ತಿ, "ನೋಡೋಣ ಬಿಡು" ಅಂದೋನಿಗೆ ಕಡಿಮೆ. ಮದುವೆ ಮನೇಲಿ ಮೊದಲ ಪಂಕ್ತಿಗೆ ಕೂತವರ ಹತ್ರ ದುಡ್ಡು ಇಸ್ಕೊಂಡು, ಕೊನೇ ಪಂಕ್ತಿಗೆ ಹೋಳಿಗೆ ಜೊತೆ ಇನ್ನೊಂದು ಹೋಳಿಗೆ ಬಡಿಸಿದ ಹಾಗೆ.

ಶೋ ದಿನದ ವ್ಯವಸ್ಥೆ ಪರವಾಗಿಲ್ಲ. ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಹಸಿರು ಮೆಟ್ರೊ ಹತ್ತಿದ್ರೆ ಮಾದಾವರದ ತನಕ ಬದಲಾಯಿಸೋ ಗೋಜಿಲ್ಲ. ತುಮಕೂರು ರಸ್ತೆ ಟ್ರಾಫಿಕ್ ಮೇಲಿಂದ ನೋಡ್ಕೊಂಡು ಹೋಗಬಹುದು. ಗೇಟಲ್ಲಿ ಮಗಳ ಪವರ್ ಬ್ಯಾಂಕ್ ಕಿತ್ಕೊಂಡು ಡಬ್ಬಕ್ಕೆ ಎಸೆದ್ರು. ಟಿಕೆಟ್ ಇರೋದು ಫೋನಲ್ಲಿ, ಫೋನಲ್ಲಿ ಹನ್ನೆರಡು ಪರ್ಸೆಂಟ್ ಚಾರ್ಜು. ಕ್ಯೂಆರ್ ಕೋಡ್ ಸ್ಕ್ಯಾನ್ ಆಗೋವರೆಗೂ ಇಬ್ಬರೂ ಉಸಿರು ಬಿಗಿ ಹಿಡ್ಕೊಂಡಿದ್ವಿ. ಸ್ಕ್ರೀನ್‌ಶಾಟ್ ನಡೆಯಲ್ಲ, ಕೋಡ್ ಬದಲಾಗ್ತಾ ಇರತ್ತೆ. ಹೋಗೋರು ಮನೆಯಿಂದಲೇ ಫುಲ್ ಚಾರ್ಜ್ ಮಾಡ್ಕೊಂಡು ಹೋಗಿ.

ಒಳಗೆ ನನ್ನ ಪಕ್ಕ ನಿಂತಿದ್ದೋನು ಇಪ್ಪತ್ತರ ಹುಡುಗ, ಬೆವರು ಹತ್ತಿದ ಹೊಸ ಟೀ ಶರ್ಟು. ನೆನ್ನೆ ರಾತ್ರಿ ಟಿಕೆಟ್ ತಗೊಂಡನಂತೆ, ಒಂದಕ್ಕೆ ಒಂದು ಫ್ರೀ. ಬ್ಯಾಂಡಿನ ಎರಡು ಹಾಡು ಗೊತ್ತಂತೆ.

"ನೀವು ಎಷ್ಟಕ್ಕೆ ತಗೊಂಡ್ರಿ ಅಂಕಲ್?"

ಮಗಳು ಬೇರೆ ಕಡೆ ತಿರುಗಿ ನಗ್ತಿದ್ಲು. "ಮರ್ತೋಯ್ತು ಕಣಪ್ಪಾ," ಅಂದೆ. ಅಷ್ಟರಲ್ಲಿ ಲೈಟ್ ಆರಿತು.