ಎಲ್ಪಿ ಪ್ಲೇಟಿಗೆ ಯಾವ ಒಳಕವರ್? ಕೋಲಾರದ ಧೂಳಿನಲ್ಲಿ ಬಳಸಿ ನೋಡಿದ್ದು

ಎಲ್ಪಿ ಅಂದರೆ ಹಾಡು ಕೇಳುವ ದೊಡ್ಡ ಗ್ರಾಮಫೋನ್ ಪ್ಲೇಟು. ಒಳಕವರ್ ಅಂದರೆ ಅದರ ರಟ್ಟಿನ ಜಾಕೆಟ್ಟಿನೊಳಗೆ ಪ್ಲೇಟಿಗೆ ತಾಗಿಕೊಂಡಿರುವ ಕವರ್. ನನಗೆ ಹಿಡಿಸಿದ್ದು ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಹೊರಗೆ ಪೇಪರು, ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುವ ಚೌಕದ ಕವರ್. ಮಾರುವವರು ಇದನ್ನು ಪಾಲಿ ಲೈನ್ಡ್ ಅಂತಾರೆ. ನನ್ನ ಎಲ್ಪಿಗಳಲ್ಲಿ ಮುಕ್ಕಾಲು ಪಾಲು ಈಗ ಇದರಲ್ಲೇ ಇವೆ. ಉಳಿದ ನಮೂನೆಗಳೂ ಮನೆಯಲ್ಲಿವೆ, ಒಂದೊಂದಕ್ಕೂ ಅದರದೇ ಜಾಗ ಇದೆ. ಆದರೆ ದಿನಾ ಹಾಕಿ ಕೇಳುವ ಪ್ಲೇಟಿಗೆ ನಾನು ಬೇರೆ ಏನನ್ನೂ ಹೇಳಲಾರೆ.

ಪ್ಲೇಟುಗಳು ಬಂದದ್ದು ಕೆಜಿಎಫ್‌ನಿಂದ. ಚಾಂಪಿಯನ್ ರೀಫ್ಸ್‌ನಲ್ಲಿ ನಮ್ಮಪ್ಪನ ಹಳೇ ಸ್ನೇಹಿತರ ಮನೆ. ಗಣಿಯಲ್ಲಿ ಕೆಲಸದಲ್ಲಿದ್ದವರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಊರು ಬಿಡಲಿಲ್ಲ. ಈಗ ಮಗಳ ಮನೆಗೆ ಹೊರಟಾಗ ಪ್ಲೇಟುಗಳನ್ನೆಲ್ಲ ನನಗೆ ಕೊಟ್ಟರು. ಇಂಗ್ಲಿಷು, ತಮಿಳು, ಹಿಂದಿ, ಕನ್ನಡ ಎಲ್ಲಾ ಸೇರಿ ನೂರರ ಮೇಲೆ. ಜೊತೆಗೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟುಗಳ ಒಂದು ಟ್ರಂಕು. "ನೋಡ್ಕೊಂಡು ಹಾಕು ಮಗಾ, ಅದ್ರಲ್ಲಿ ಸೈನೈಡ್ ಧೂಳು ಇರತ್ತೆ" ಅಂದರು ಅಂಕಲ್.

ಕೆಜಿಎಫ್ ನೋಡಿದವರಿಗೆ ಆ ದಿಬ್ಬಗಳು ಗೊತ್ತು. ಅದಿರನ್ನು ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮಣ್ಣು ಅದು. ದಶಕಗಟ್ಟಲೆ ಸುರಿದು ಸುರಿದು ಗುಡ್ಡವಾಗಿದೆ. ಆಷಾಢದ ಗಾಳಿ ಎದ್ದರೆ ಊರೆಲ್ಲ ಅದೇ. ಅಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನಲ್ಲಿ. ಹಾಗಾಗಿ ಧೂಳಿನಲ್ಲೂ ಬೆಣಚು ಇದೆ, ಪ್ಲೇಟಿನ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ. ಒಂದು ಹರಳು ಕವರಿಗೂ ಪ್ಲೇಟಿಗೂ ನಡುವೆ ಸಿಕ್ಕಿಕೊಂಡರೆ ಸಾಕು. ಹೊರಗೆ ಎಳೆದಾಗ ಒಂದು ಗೀರು, ಒಳಗೆ ತೂರಿಸಿದಾಗ ಇನ್ನೊಂದು. ಇತ್ತ ಕೋಲಾರದಲ್ಲಿ ನಮ್ಮನೆ ಧೂಳು ಬೇರೆ ಥರ, ಕೆಂಪು ಮಣ್ಣು, ರಸ್ತೆ ಧೂಳು. ಡಿಸೆಂಬರಿನಿಂದ ಮಾರ್ಚಿನವರೆಗೆ ಹವೆ ಒಣಗಿರುತ್ತದೆ. ಆಗ ಪ್ಲೇಟನ್ನು ಕವರಿನಿಂದ ತೆಗೆಯುತ್ತಿದ್ದ ಹಾಗೇ ಸ್ಟ್ಯಾಟಿಕ್ ಕರೆಂಟು ಹುಟ್ಟಿ, ಕೂದಲು ಧೂಳು ಎಲ್ಲಾ ಬಂದು ಕೂರುತ್ತದೆ. ನಾನು ಕವರ್ ಆರಿಸಿದ್ದು ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡೇ.

ಮೊದಲು ಬಿಸಾಡಬೇಕಾದ್ದನ್ನು ಹೇಳುತ್ತೇನೆ. ಬಂದ ಪ್ಲೇಟುಗಳಲ್ಲಿ ಕೆಲವು ದಪ್ಪನೆಯ, ಮೆತ್ತಗಿನ, ಪಾರದರ್ಶಕ ಚೀಲದಲ್ಲಿದ್ದವು. ಮುಟ್ಟಿದರೆ ಅಂಟಂಟು, ಮೂಗಿಗೆ ಬಡಿಯುವ ವಾಸನೆ. ಅದು ಪಿವಿಸಿ ಅನ್ನುವ ಪ್ಲಾಸ್ಟಿಕ್ಕು. ಒಳಗಿನ ಪ್ಲೇಟಿನ ಮೇಲೆ ಮಬ್ಬು ಕವಿದಿತ್ತು. ತೊಳೆದೆ, ಹೋಗಲಿಲ್ಲ. ಹಾಡಿನ ಕೆಳಗೆ ಉದ್ದಕ್ಕೂ ಸುಯ್ ಅನ್ನುವ ಸದ್ದು. ಪ್ಲೇಟೂ ಪಿವಿಸಿಯೇ ಅಲ್ವಾ, ಮತ್ತೆ ತೊಂದರೆ ಏನು ಅಂತ ಕೇಳಬಹುದು. ಪ್ಲೇಟಿನದು ಗಟ್ಟಿ ಪಿವಿಸಿ. ಚೀಲ ಮೆತ್ತಗೆ ಬಾಗಲಿ ಅಂತ ಅದಕ್ಕೆ ಎಣ್ಣೆಯಂಥ ಪ್ಲಾಸ್ಟಿಸೈಜರ್ ಸೇರಿಸಿರುತ್ತಾರೆ. ವರ್ಷಗಟ್ಟಲೆ ಒತ್ತಿಕೊಂಡಿದ್ದರೆ, ಅದರಲ್ಲೂ ಸೆಖೆಯಲ್ಲಿ, ಆ ಎಣ್ಣೆ ಪ್ಲೇಟಿಗೆ ಇಳಿಯುತ್ತದೆ.

ನಿಮ್ಮ ಹತ್ತಿರ ಇರುವ ಕವರ್ ಯಾವುದು ಅಂತ ಅನುಮಾನ ಇದ್ದರೆ ಒಂದು ಚೂರು ಕತ್ತರಿಸಿ. ಲೋಟದ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಚೂರನ್ನು ಬೆರಳಿನಿಂದ ಮುಳುಗಿಸಿ, ಗುಳ್ಳೆ ಬಿಡಿಸಿ, ಕೈ ಬಿಡಿ. ಪಾಲಿಥೀನ್, ಪಾಲಿಪ್ರೊಪಿಲೀನ್ ಎರಡೂ ನೀರಿಗಿಂತ ಹಗುರ, ಮೇಲೆ ಬರುತ್ತವೆ. ಪಿವಿಸಿ ತಳ ಸೇರುತ್ತದೆ. ತಳ ಸೇರಿದರೆ ಅವತ್ತೇ ಪ್ಲೇಟು ಹೊರಗೆ ತೆಗೆಯಿರಿ.

ಬರೀ ಪೇಪರ್ ಕವರ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಅಗ್ಗ, ನೆಟ್ಟಗೆ ನಿಲ್ಲುತ್ತದೆ, ಎಲ್ಲ ಕಡೆ ಸಿಗುತ್ತದೆ. ಆದರೆ ಎಲ್ಪಿಗೆ ಪೇಪರು ಒರಟು. ಧೂಳಿದ್ದರೆ ಅದನ್ನು ಹಿಡಿದುಕೊಂಡು ಉಜ್ಜುತ್ತದೆ, ತನ್ನದೇ ನಾರಿನ ಪುಡಿಯನ್ನೂ ಬಿಡುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ನಮ್ಮ ಕಡೆ ಹವೆಗೆ ಇದು ಬೇಡ.

ಇನ್ನು ತಳ ದುಂಡಗಿರುವ ತೆಳು ಚೀಲ. ಹಾಲಿನ ಬಣ್ಣದ ಎಚ್‌ಡಿ ಪಾಲಿಥೀನು. ಜಪಾನಿನ ನಾಗಾವೊಕಾ ಕಂಪನಿ ಹೆಸರು ಮಾಡಿದ ನಮೂನೆ. ನಾನು ತರಿಸಿದ್ದು ಅದೇ ಆಕಾರದ ಇಲ್ಲಿನ ಮಾಲು, ಒಂದಕ್ಕೆ 12 ರೂಪಾಯಿ ಆಸುಪಾಸು ಬಿತ್ತು. ಚೀಲದ ಗುಣದಲ್ಲಿ ಮಾತಿಲ್ಲ. ನುಣುಪು, ಸ್ಟ್ಯಾಟಿಕ್ ಕಡಿಮೆ, ಪ್ಲೇಟು ತೆಗೆದರೆ ಸದ್ದೇ ಇಲ್ಲದೆ ಜಾರಿ ಬರುತ್ತದೆ. ತೊಂದರೆ ಇರುವುದು ವಾಪಸ್ ಹಾಕುವಾಗ.

ಪ್ಲೇಟನ್ನು ಚೀಲದೊಳಗೆ ಬಿಟ್ಟಿರಿ ಅಂದುಕೊಳ್ಳಿ. ಈಗ ಚೀಲ ಸಮೇತ ಜಾಕೆಟ್ಟಿನೊಳಗೆ ಹೋಗಬೇಕು. ಜಾಕೆಟ್ಟಿನ ಬಾಯಿಗೆ ಹಿಡಿದು ತಳ್ಳಿದರೆ ಪ್ಲೇಟು ಒಳಗೆ ಹೋಗುತ್ತದೆ, ಚೀಲ ಹೋಗುವುದಿಲ್ಲ. ಅದು ಜಾಕೆಟ್ಟಿನ ಅಂಚಿಗೆ ತಾಗಿ ಹಿಂದೆ ಉಳಿದು, ಮುದ್ದೆಯಾಗಿ ಬಾಯಲ್ಲಿ ಕೂರುತ್ತದೆ. ಅದನ್ನು ಬೆರಳಿನಿಂದ ಒಳಗೆ ತುರುಕಿದರೆ ಒಂದು ಮೂಲೆ ಕೆಳಗೆ ಮಡಚಿಕೊಳ್ಳುತ್ತದೆ, ಇನ್ನೊಂದು ಹೊರಗೆ ಇಣುಕುತ್ತದೆ. ಆ ಮೂಲೆಯನ್ನೂ ಒತ್ತಿ ಕಪಾಟಿನಲ್ಲಿಟ್ಟರೆ ಜಾಕೆಟ್ಟು ಒಂದು ಕಡೆ ಉಬ್ಬುತ್ತದೆ. ಅದರ ಪಕ್ಕದ ಜಾಕೆಟ್ಟು ಬಾಗುತ್ತದೆ.

ಧೂಳು ಬೀಳಬಾರದು ಅಂತ ಒಳಕವರಿನ ಬಾಯಿ ಮೇಲಕ್ಕೆ, ಜಾಕೆಟ್ಟಿನ ಬಾಯಿ ಪಕ್ಕಕ್ಕೆ ಬರುವ ಹಾಗೆ ತಿರುಗಿಸಿ ಇಡುವುದು ನನ್ನ ರೂಢಿ. ಹಾಗೆ ಇಟ್ಟರೆ ಪ್ಲೇಟು ಉರುಳಿ ಹೊರಗೆ ಬೀಳುವ ಭಯವೂ ಇಲ್ಲ. ದುಂಡು ತಳದ ಚೀಲದಲ್ಲಿ ಇದು ಇನ್ನೂ ಕಷ್ಟ. ಬಾಯಿಯ ಎರಡು ಅಂಚಿಗೂ ಬಿಗಿ ಇಲ್ಲ, ಮೇಲೆ ನಿಲ್ಲದೆ ಕೆಳಗೆ ಬೀಳುತ್ತವೆ. ಮುಂದಿನ ಸಲ ತೆಗೆಯುವಾಗ ಚೀಲದ ಬಾಯಿ ಎಲ್ಲಿದೆ ಅಂತ ಕತ್ತಲೆಯಲ್ಲಿ ಬೆರಳಾಡಿಸಿ ಹುಡುಕಬೇಕು. ಹುಡುಕುವಾಗ ಬೆರಳು ಪ್ಲೇಟಿನ ಗೆರೆಗಳಿಗೆ ತಾಗುತ್ತದೆ. ಯಾವುದನ್ನು ತಪ್ಪಿಸಬೇಕು ಅಂತ ಈ ಚೀಲ ತಂದೆವೋ ಅದೇ ಆಯಿತು.

ಇದಕ್ಕೊಂದು ಉಪಾಯ ಇದೆ. ಜಾಕೆಟ್ಟಿನ ಬಾಯಿ ಮೇಲೆ ಮಾಡಿ ತೊಡೆಯ ಮೇಲೆ ನಿಲ್ಲಿಸಿಕೊಳ್ಳಿ. ಎರಡು ಪಕ್ಕ ಮೆಲ್ಲಗೆ ಒತ್ತಿ ಬಾಯಿ ಅಗಲಿಸಿ. ಚೀಲದ ಮೇಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಪ್ಲೇಟಿನ ಭಾರದಲ್ಲಿ ಅದೇ ಕೆಳಗೆ ಇಳಿಯಲಿ ಅಂತ ಬಿಡಿ. ತಳ್ಳಬಾರದು. ಹೀಗೆ ಮಾಡಿದರೆ ಸಾಮಾನ್ಯವಾಗಿ ನೆಟ್ಟಗೆ ಹೋಗುತ್ತದೆ. ನಾನು ಮಾಡುತ್ತೇನೆ, ಕೈಗೆ ರೂಢಿಯಾಗಿದೆ. ಆದರೆ ನಮ್ಮನೆಯಲ್ಲಿ ಪ್ಲೇಟು ಹಾಕುವವಳು ನಾನೊಬ್ಬಳೇ ಅಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಹಾಕುತ್ತಾರೆ. ಅವರ ಬೆರಳುಗಳಲ್ಲಿ ಗಂಟು ನೋವು. "ಏನೇ ಇದು, ದಿಂಬಿಗೆ ಗವಸು ಹಾಕಿದ ಹಾಗೆ ಒದ್ದಾಡಬೇಕಲ್ಲೇ" ಅಂದರು. ಆಮೇಲೆ ನೋಡಿದರೆ ಪ್ಲೇಟನ್ನು ಚೀಲ ಇಲ್ಲದೆ ಸೀದಾ ಜಾಕೆಟ್ಟಿಗೆ ಇಳಿಸುತ್ತಿದ್ದರು, ಚೀಲಗಳು ಟೀಪಾಯಿ ಮೇಲೆ ಒಟ್ಟಿದ್ದವು. ಮನೆಯವರು ಬಳಸಲಾರದ ಕವರ್ ಎಷ್ಟು ಒಳ್ಳೆಯದಾದರೇನು?

ಪಾಲಿ ಲೈನ್ಡ್ ಕವರಿನಲ್ಲಿ ಈ ಗೋಳಿಲ್ಲ. ಪ್ಲೇಟಿಗೆ ತಾಗುವುದು ಅದೇ ಎಚ್‌ಡಿ ಪಾಲಿಥೀನಿನ ನುಣುಪು ಪದರ, ಅದನ್ನು ನೆಟ್ಟಗೆ ನಿಲ್ಲಿಸುವುದು ಹೊರಗಿನ ಪೇಪರು. ಜಾಕೆಟ್ಟಿನೊಳಗೆ ಒಂದೇ ಸಲಕ್ಕೆ ಹೋಗುತ್ತದೆ. ಬಾಯಿ ಮೇಲೆ ಮಾಡಿ ತಿರುಗಿಸಿದರೂ ಹಾಗೇ ನಿಲ್ಲುತ್ತದೆ. ನಡುವೆ ದುಂಡಗೆ ಕತ್ತರಿಸಿದ ಕಿಂಡಿ ಇರುವುದನ್ನೇ ನಾನು ತರಿಸಿದೆ. ಪ್ಲೇಟು ಹೊರಗೆ ತೆಗೆಯದೆ ಲೇಬಲ್ ಓದಬಹುದು, ಮೊದಲನೇ ಸೈಡೋ ಎರಡನೆಯದೋ ಗೊತ್ತಾಗುತ್ತದೆ. ನನಗೆ ಬಿದ್ದದ್ದು ಒಂದಕ್ಕೆ 15ರಿಂದ 18 ರೂಪಾಯಿ.

ಇನ್ನೊಂದು ಕಾರಣ ಪೂರ್ತಿ ನನ್ನದೇ. ಪೇಪರ್ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಬಹುದು. ಪ್ರತಿ ಕವರಿನ ಮೂಲೆಯಲ್ಲಿ ತೊಳೆದ ತಿಂಗಳು, ಎಲ್ಲಿ ಪ್ಲೇಯರಿನ ಮುಳ್ಳು ಹಾರುತ್ತದೆ, ಯಾವ ಹಾಡಿನಲ್ಲಿ ಚಿಟಪಟ ಜಾಸ್ತಿ ಅಂತ ಬರೆದಿಡುತ್ತೇನೆ. ಕವರ್ ಖಾಲಿ ಇರುವಾಗಲೇ ಬರೆಯಬೇಕು, ಪ್ಲೇಟು ಒಳಗಿದ್ದಾಗ ಅಲ್ಲ. ಅಂಕಲ್ ಫೋನ್ ಮಾಡಿ ಇಂಥ ಪ್ಲೇಟು ಹೇಗಿದೆ ಅಂತ ಕೇಳಿದರೆ ಕವರ್ ನೋಡಿ ಹೇಳುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಈ ಸುಖ ಇಲ್ಲ.

ಇದರಲ್ಲೂ ನೋಡಿಕೊಳ್ಳಬೇಕಾದ್ದು ಇದೆ. ಅಗ್ಗದ ಮಾಲಿನಲ್ಲಿ ಒಳಪದರವನ್ನು ಒಂದೆರಡು ಕಡೆ ಮಾತ್ರ ಅಂಟಿಸಿರುತ್ತಾರೆ. ಆಗ ಪ್ಲೇಟು ಪದರದ ಒಳಗೆ ಹೋಗುವ ಬದಲು ಪದರಕ್ಕೂ ಪೇಪರಿಗೂ ನಡುವೆ ನುಗ್ಗುತ್ತದೆ. ಹೊಸ ಕವರ್ ಕೈಗೆ ಬಂದಾಗ ಒಮ್ಮೆ ಬಾಯಿ ತೆರೆದು, ಒಳಗೆ ಕೈ ಹಾಕಿ ಪದರವನ್ನು ಎರಡು ಪಕ್ಕಕ್ಕೂ ಒತ್ತಿಬಿಡಿ. ಪ್ಲೇಟನ್ನು ಮೇಲಿನಿಂದ ದಡ್ ಅಂತ ಬಿಟ್ಟರೆ ತಳದ ಅಂಟು ಬಿಡುತ್ತದೆ, ಕವರನ್ನು ಓರೆ ಮಾಡಿ ಜಾರಿಸಿ.

ಮೂರು ಪದರದ ದುಬಾರಿ ಕವರನ್ನೂ ಕೆಲವು ತರಿಸಿದ್ದೇನೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಕವರಿನಿಂದ ಹೆಸರಾದ ನಮೂನೆ ಅದು. ಎರಡು ಕಡೆ ಪಾಲಿಥೀನು, ಒಂದು ಕಡೆ ಅದರ ಬೆನ್ನಿಗೆ ಪೇಪರು. ನಿಜ ಹೇಳಬೇಕೆಂದರೆ ಕೈಗೆ ಇದಕ್ಕಿಂತ ಚೆನ್ನಾಗಿರುವುದು ಇಲ್ಲ. ಅಂಟು ಬಿಡುವುದಿಲ್ಲ, ಮುದ್ದೆಯಾಗುವುದಿಲ್ಲ. ಆದರೆ ಕೊರಿಯರ್ ಸೇರಿ ಒಂದಕ್ಕೆ 60 ರೂಪಾಯಿ ದಾಟಿತು. ನೂರು ಪ್ಲೇಟಿಗೆ ಲೆಕ್ಕ ಹಾಕಿ. ಆ ದುಡ್ಡಿಗೆ ಒಂದು ಒಳ್ಳೆಯ ಹೊಸ ಮುಳ್ಳು ಬರುತ್ತದೆ, ಮತ್ತೆ ಸವೆದ ಮುಳ್ಳು ಪ್ಲೇಟಿಗೆ ಮಾಡುವ ಹಾನಿ ಯಾವ ಕವರೂ ಮಾಡುವುದಿಲ್ಲ. ಮತ್ತೆ ಸಿಗುವ ಆಸೆಯೇ ಇಲ್ಲದ ಕೆಲವು ಪ್ಲೇಟಿಗೆ ಮಾತ್ರ ಇದನ್ನು ಹಾಕಿದ್ದೇನೆ.

78ರ ಪ್ಲೇಟುಗಳ ಕಥೆ ಬೇರೆ. ಅವು ಎಲ್ಪಿಯ ಹಾಗೆ ವಿನೈಲ್, ಅಂದರೆ ಪಿವಿಸಿ, ಅಲ್ಲ, ಅರಗಿನವು. ಅರಗಿನ ಜೊತೆ ಕಲ್ಲಿನ ಪುಡಿ ಬೆರೆಸಿ ಒತ್ತಿದ್ದು. ಸ್ಪಿರಿಟ್ ಹಾಕಿ ಒರೆಸಿದರೆ ಅರಗು ಕರಗುತ್ತದೆ, ಮುಟ್ಟಿಸಲೇಬೇಡಿ. ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಟ್ಟರೆ ಮಳೆಗಾಲದಲ್ಲಿ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಇವಕ್ಕೆ ಗಾಳಿಯಾಡುವ ಪೇಪರೇ ಸರಿ. ಬಹಳಷ್ಟು 10 ಇಂಚಿನವು, ಆ ಅಳತೆಯ ಕವರ್ ಸುಲಭಕ್ಕೆ ಸಿಗುವುದಿಲ್ಲ. ಡೂಂ ಲೈಟ್ ಸರ್ಕಲ್ ಕಡೆ ಒಂದು ಪ್ರೆಸ್ಸಿನಲ್ಲಿ ಮಾಡಿಸಿದೆ. ಮದುವೆ ಕಾರ್ಡು, ಬಿಲ್ ಬುಕ್ಕು ಮಾಡುವವರು. "ಮ್ಯಾಪ್ಲಿಥೋ ಪೇಪರ್ ಹಾಕೋಣ ಮೇಡಂ, ಎಂಬತ್ತು ಜಿಎಸ್ಎಂ. ಅಂಟು ನಮ್ದೇ ಮೈದಾ ಗೋಂದು, ಮೈಲುತುತ್ತ ಹಾಕಿರ್ತೀವಿ, ಹುಳ ಬರಲ್ಲ" ಅಂದರು ಅಲ್ಲಿನ ಬೈಂಡರ್. ಮೈಲುತುತ್ತ ಹಾಕಿದ ಗೋಂದು ಪ್ಲೇಟಿನ ಹತ್ತಿರ ನನಗೆ ಬೇಡವಾಗಿತ್ತು. ಬರೀ ಮೈದಾ ಆದರೆ ಜಿರಲೆ, ಬೆಳ್ಳಿಹುಳ ಗ್ಯಾರಂಟಿ. ಫೆವಿಕಾಲನ್ನೇ ತೆಳ್ಳಗೆ ಹಚ್ಚಿ, ಮಡಿಕೆ ಹೊರಗೆ ಬರುವ ಹಾಗೆ ಅಂಟಿಸಿ ಅಂದೆ. ಹಾಗೇ ಮಾಡಿಕೊಟ್ಟರು. ಒಳಗೆ ಕೈಯಾಡಿಸಿದರೆ ಎಲ್ಲೂ ಏಣು ಸಿಗುವುದಿಲ್ಲ. ಅಂಟು ಪೂರ್ತಿ ಒಣಗಲಿ ಅಂತ ಬಿಡಿಬಿಡಿಯಾಗಿ ಹರಡಿಟ್ಟು ಆಮೇಲೆ ಪ್ಲೇಟು ಹಾಕಿದೆ. ಒಂದಕ್ಕೆ 6 ರೂಪಾಯಿ.

ಯಾವ ಕವರ್ ಕೊಂಡರೂ, ತೊಳೆಯದ ಪ್ಲೇಟನ್ನು ಹೊಸ ಕವರಿಗೆ ಹಾಕಬೇಡಿ. ಹಾಕಿದರೆ ಹಳೇ ಧೂಳು ಹೊಸ ಮನೆಗೆ ಬಂದಂತೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಉಪ್ಪು ಜಾಸ್ತಿ, ಒಣಗಿದ ಮೇಲೆ ಗೆರೆಗಳಲ್ಲಿ ಬೆಳ್ಳಗೆ ಉಳಿಯುತ್ತದೆ. ಎಲ್ಪಿಗಳ ಕೊನೆಯ ತೊಳೆತಕ್ಕೆ ನಾನು ಬಳಸುವುದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ರಾತ್ರಿ ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಕವರಿಗೆ.

ದುಂಡು ತಳದ ಚೀಲಗಳು ಉಳಿದಿದ್ದವಲ್ಲ, ಅವೂ ದಂಡವಾಗಲಿಲ್ಲ. ಕೆಲವು ಎಲ್ಪಿಗಳ ಮೂಲ ಪೇಪರ್ ಕವರಿನ ಮೇಲೆ ಹಾಡಿನ ಸಾಹಿತ್ಯ, ಫೋಟೋ ಅಚ್ಚಾಗಿದೆ. ಅದನ್ನು ಬಿಸಾಡಲು ಮನಸ್ಸು ಬರುವುದಿಲ್ಲ. ಪ್ಲೇಟನ್ನು ಚೀಲದಲ್ಲಿಟ್ಟು, ಚೀಲವನ್ನು ಆ ಪೇಪರಿನೊಳಗೆ ಇಳಿಸಿದರೆ ಎರಡೂ ಉಳಿಯುತ್ತವೆ. ಅವನ್ನು ಕಪಾಟಿನ ಮೇಲಿನ ಸಾಲಿನಲ್ಲಿಟ್ಟಿದ್ದೇನೆ. ಅಮ್ಮನ ಕೈಗೆಟುಕುವ ಸಾಲಿನಲ್ಲಿ ಪಾಲಿ ಲೈನ್ಡ್ ಮಾತ್ರ.

ಇನ್ನು ಬಾಕಿ ಇರುವುದು 7 ಇಂಚಿನ, 45 ಸುತ್ತಿನ ಸಣ್ಣ ಪ್ಲೇಟುಗಳು. ಅವಕ್ಕೂ ಪಾಲಿ ಲೈನ್ಡೇ ಹುಡುಕುತ್ತಿದ್ದೇನೆ. ಮೊದಲು ಒಂದು ಸಣ್ಣ ಪ್ಯಾಕ್ ತರಿಸಿ, ಲೋಟದ ನೀರಿನಲ್ಲಿ ನೋಡಿ, ಆಮೇಲೆ ಉಳಿದದ್ದಕ್ಕೆ ಆರ್ಡರ್ ಹಾಕುತ್ತೇನೆ.