ದಂಡೆಗೆ ಹೊದಿಸಿದ ನಾರಿನ ಹಾಸು: ಎರಡು ಮಳೆಗಾಲದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಸರಕು ಒಳ್ಳೆಯದು, ಮಾರಿದವರ ಮಾತು ಒಳ್ಳೆಯದಲ್ಲ. ತೆಂಗಿನ ನಾರಿನ ಹುರಿಯನ್ನು ಮಗ್ಗದಲ್ಲಿ ಬಲೆಯಂತೆ ನೇಯ್ದ ಹಾಸು ಇದು. ಹೊಳೆ, ಹಳ್ಳಗಳ ದಂಡೆ ಜರಿಯದಂತೆ ಹೊದಿಸುತ್ತಾರೆ. ಕೇರಳದಲ್ಲಿ ಇದಕ್ಕೆ ಭೂವಸ್ತ್ರ ಎಂಬ ಚಂದದ ಹೆಸರಿದೆ. ನಮ್ಮ ಕೆಲಸದವರು ಮೊದಲ ದಿನವೇ ‘ಗೋಣಿ’ ಎಂದರು, ಅದೇ ನಿಂತಿತು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆಯಿಂದ ಸ್ವಲ್ಪ ಮೇಲಕ್ಕೆ, ತುಂಗೆಗೆ ಸೇರುವ ಹಳ್ಳವೊಂದರ ಬದಿಯ ಅಡಿಕೆ ತೋಟ. ತೋಟದ ಕೆಳಗೆ ಮುಕ್ಕಾಲು ಎಕರೆ ಹಡ್ಲು, ಅಂದರೆ ನೀರು ನಿಲ್ಲುವ ತಗ್ಗು ಗದ್ದೆ. ಅಜ್ಜನ ಕಾಲಕ್ಕೆ ಅಲ್ಲಿ ಮೊಣಕಾಲುದ್ದ ಕೆಸರು, ವರ್ಷಕ್ಕೊಂದು ಬೆಳೆ ಭತ್ತ. ಅಡಿಕೆಗೆ ಬೆಲೆ ಬಂದಾಗ ಅಪ್ಪಯ್ಯ ನಡುವೆ ಆಳದ ಬಸಿಗಾಲುವೆ ತೆಗೆಸಿ, ನೀರನ್ನೆಲ್ಲ ಹಳ್ಳಕ್ಕೆ ಬಿಟ್ಟು, ಸಸಿ ನೆಟ್ಟರು. ಮರವೇನೋ ಎದ್ದವು. ಆದರೆ ಎಷ್ಟು ಬಸಿದರೂ ಜೌಗು ಜೌಗೇ. ಹಿಡಿಮುಂಡಿಗೆ ರೋಗ ಹತ್ತಿ ಸುಳಿ ಮುರುಟಿಕೊಂಡು ನಿಂತವು. ಇತ್ತ ಕಾಲುವೆಯ ನೀರು ಹಳ್ಳಕ್ಕೆ ಧುಮುಕುವ ಕಡೆ ದಂಡೆ ವರ್ಷವರ್ಷವೂ ಕಳಚುತ್ತಿತ್ತು. 2019ರ ಆಗಸ್ಟ್ ನೆರೆಯಲ್ಲಿ ತುಂಗೆ ಹಳ್ಳದೊಳಕ್ಕೆ ಹಿಂದುಮುಂದಾಗಿ ಏರಿ ಬಂದಳು. ಇಳಿದು ಹೋಗುವಾಗ ಎರಡು ಸಾಲು ಮರವನ್ನೂ ಜೊತೆಗೆ ಕರೆದುಕೊಂಡು ಹೋದಳು.

ಆಮೇಲೆ ನಾನು ತೀರ್ಮಾನ ಮಾಡಿದೆ: ಹಡ್ಲನ್ನು ಹಡ್ಲಾಗಿಯೇ ಬಿಡುವುದು. ರೋಗದ ಮರ ಕಡಿಸಿ, ಬಸಿಗಾಲುವೆಗೆ ಮೂರು ಕಡೆ ಮಣ್ಣು, ಸೊಪ್ಪು ತುಂಬಿ ಕಟ್ಟ ಹಾಕಿಸಿದೆ. ನೀರು ಅಲ್ಲೇ ಹರಡಿಕೊಂಡು ನಿಂತಿತು. ಪಕ್ಕದ ಮನೆಯ ಭಾವ ಬೇಲಿಯ ಆಚೆಯಿಂದಲೇ, “ಅಡಿಕೆ ಕಡಿದು ಕಪ್ಪೆ ಸಾಕುತ್ತೀಯಲ್ಲ ಮಾರಾಯ” ಎಂದರು. ಉಳಿದದ್ದು ಹಳ್ಳದ ಬದಿಯ ನಲವತ್ತು ಮೀಟರ್ ಜರಿದ ದಂಡೆ. ಕಾಂಕ್ರೀಟ್ ಗೋಡೆ ಕಟ್ಟಿಸು ಎಂದವರು ಬಹಳ ಮಂದಿ. ಗೋಡೆ ಕಟ್ಟಿದರೆ ಹಳ್ಳಕ್ಕೂ ಹಡ್ಲಿಗೂ ಸಂಬಂಧವೇ ಕಡಿದುಹೋಗುತ್ತದೆ. ಮೀನು ಹತ್ತುವುದು ಎಲ್ಲಿಂದ? ಹಾಗಾಗಿ ಈ ಹಾಸು.

ತೂಕದ ಮೇಲೆ ಇದರಲ್ಲಿ ಮೂರು ಬಗೆ ಸಾಮಾನ್ಯ: ಚದರ ಮೀಟರಿಗೆ 400, 700 ಮತ್ತು 900 ಗ್ರಾಂ. ನಾನು ತಂದದ್ದು 700ರದ್ದು, ಸಾಗಣೆ ಸೇರಿ ಚದರ ಮೀಟರಿಗೆ 90 ರೂಪಾಯಿ ಬಿತ್ತು. ಮನೆಯ ಹಿಂದಿನ ಇಳಿಜಾರಿಗೆ, ಹರಿವ ನೀರು ತಾಗದ ಕಡೆಗೆ, 400 ಸಾಕು. ಹಳ್ಳಕ್ಕೆ ಅದನ್ನು ಹಾಕಿದರೆ ದುಡ್ಡು ನೀರಿಗೆ ಹಾಕಿದಂತೆ, ಅಕ್ಷರಶಃ. ಒಣಗಿದ್ದಾಗ ಹಾಸು ಸೆಟೆದುಕೊಂಡು ಹೇಳಿದ ಮಾತು ಕೇಳುವುದಿಲ್ಲ. ಒಮ್ಮೆ ನೆನೆದರೆ ಸ್ವಭಾವವೇ ಬೇರೆ. ಭಾರವಾಗಿ, ಮೆತ್ತಗಾಗಿ, ನೆಲದ ಉಬ್ಬು ತಗ್ಗಿಗೆಲ್ಲ ಒದ್ದೆ ಪಂಚೆಯಂತೆ ಅಂಟಿಕೊಳ್ಳುತ್ತದೆ. ಕಣ್ಣುಗಳು ಹೆಬ್ಬೆರಳು ತೂರುವಷ್ಟು ದೊಡ್ಡವು. ಅದರೊಳಗಿಂದಲೇ ಸಸಿ ನೆಡಬಹುದು.

ಹಾಸುವ ಕೆಲಸ ಮಾತ್ರ ಮಾರಿದವರು ಹೇಳಿದಷ್ಟು ಸುಲಭವಲ್ಲ. ದಂಡೆಯ ತಲೆಯಲ್ಲಿ ಒಂದಡಿ ಆಳದ ಅಗಳ ತೆಗೆದು, ಹಾಸಿನ ಅಂಚನ್ನು ಅದರೊಳಗೆ ಹೂತು, ಮಣ್ಣು ತುಳಿದು ಗಟ್ಟಿ ಮಾಡಬೇಕು. ಒಂದು ಪಟ್ಟಿಯ ಮೇಲೆ ಇನ್ನೊಂದನ್ನು ಗೇಣುದ್ದ ಏರಿಸಬೇಕು. ಅದೂ ನೀರು ಬರುವ ಕಡೆಯ ಪಟ್ಟಿ ಮೇಲಿರಬೇಕು, ಹೆಂಚು ಹೊದಿಸಿದ ಲೆಕ್ಕ. ನಾವು ಒಂದು ಕಡೆ ತಿರುಗಾಮುರುಗಾ ಮಾಡಿದ್ದೆವು. ಅಲ್ಲೇ ನೀರು ಕೆಳಗೆ ನುಗ್ಗಿ ಹಾಸು ಸೆರಗಿನಂತೆ ಎದ್ದು ಆಡುತ್ತಿತ್ತು. ಜೊತೆಗೆ ಕೊಟ್ಟ ಕಬ್ಬಿಣದ ಕೊಕ್ಕೆಗಳು ತೆಳು. ನಮ್ಮ ಕೆಸರಿನಲ್ಲಿ ಕೈಯಲ್ಲೇ ಕಿತ್ತು ಬರುತ್ತಿದ್ದವು. ಬದಲಿಗೆ ಲಕ್ಕಿ ಗಿಡದ ಹಸಿ ಗೂಟ ಹೊಡೆದೆವು. ಮಳೆ ಬಿದ್ದು ಹದಿನೈದು ದಿನಕ್ಕೆ ಗೂಟಗಳೇ ಚಿಗುರಿದವು. ನನ್ನ ಕೇಳಿದರೆ ಕೊಕ್ಕೆಗೆ ಒಂದು ಪೈಸೆಯೂ ಕೊಡಬೇಡಿ.

ಈಗ ದೂರು. ಭರಣಿ ಮಳೆಯೊಳಗೆ, ಅಂದರೆ ಮೇ ಮೊದಲ ಭಾಗದೊಳಗೆ, ತಲುಪಿಸುತ್ತೇವೆ ಎಂದು ಮುಂಗಡ ತೆಗೆದುಕೊಂಡವರು 2023ರಲ್ಲಿ ಸುರುಳಿಗಳನ್ನು ಇಳಿಸಿದ್ದು ಜೂನ್ ಕೊನೆಯ ಆರ್ದ್ರಾ ಮಳೆಯಲ್ಲಿ. ಹಾಸಿನ ಕಣ್ಣುಗಳಲ್ಲಿ ನೆಡಲು ತಂದಿಟ್ಟ ಲಾವಂಚದ ಬುಡಗಳು ಕೊಟ್ಟಿಗೆಯ ಮೂಲೆಯಲ್ಲಿ ಅರ್ಧ ಒಣಗಿದ್ದವು. ಲಾವಂಚದ ಬೇರು ಎರಡು ಮೂರು ಮೀಟರ್ ಆಳಕ್ಕೆ ಇಳಿಯುತ್ತದೆ ನಿಜ, ಆದರೆ ನೆಟ್ಟ ವಾರಕ್ಕೇ ಇಳಿಯುವುದಿಲ್ಲವಲ್ಲ. ಆ ವರ್ಷ ಮಳೆ ಕೈಕೊಟ್ಟದ್ದೇ ನನ್ನ ಪುಣ್ಯ. ಆಗಸ್ಟ್ ತಿಂಗಳಲ್ಲಿ, ಮಲೆನಾಡಿನಲ್ಲಿ, ಹಳ್ಳದ ದಂಡೆಯ ಗಿಡಕ್ಕೆ ಕೊಡದಲ್ಲಿ ನೀರು ಹೊತ್ತು ಹಾಕಿದವನು ನಾನೊಬ್ಬನೇ ಇರಬೇಕು.

ಎರಡನೆಯದು ಇನ್ನೂ ಕೆಟ್ಟದ್ದು. ನಾಲ್ಕು ಸುರುಳಿಗಳಲ್ಲಿ ಒಂದರ ಅಂಚಿಗೆ ತೆಳುವಾದ ಪ್ಲಾಸ್ಟಿಕ್ ಬಲೆ ಹೊಲಿದಿದ್ದರು. ಬಣ್ಣ ನಾರಿನದ್ದೇ, ಹಾಸುವಾಗ ಗೊತ್ತಾಗಲಿಲ್ಲ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅಲ್ಲಿ ಕೇರೆ ಹಾವೊಂದು ಸಿಕ್ಕಿಕೊಂಡಿತ್ತು. ಮುಂದಕ್ಕೆ ನುಗ್ಗಿದಷ್ಟೂ ದಾರ ಹೊಟ್ಟೆಯ ಹುರುಪೆಯ ಕೆಳಗೆ ಸೇರಿಕೊಂಡಿತ್ತು. ನನ್ನವಳು ಒದ್ದೆ ಗೋಣಿಚೀಲದಲ್ಲಿ ತಲೆ ಒತ್ತಿ ಹಿಡಿದಳು, ನಾನು ಅಡಿಕೆ ಸುಲಿಯುವ ಕತ್ತಿಯ ತುದಿಯಿಂದ ಒಂದೊಂದೇ ಎಳೆ ಕೊಯ್ದೆ. ಒಂಬತ್ತು ಎಳೆ. ಬಿಟ್ಟ ಮೇಲೆ ಅದು ಓಡಲೂ ಇಲ್ಲ, ಸ್ವಲ್ಪ ಹೊತ್ತು ಹಾಗೇ ಮಲಗಿತ್ತು, ಆಮೇಲೆ ಮೆಲ್ಲಗೆ ಜೊಂಡಿನೊಳಗೆ ಹೋಯಿತು. ಫೋನ್ ಮಾಡಿದರೆ, “ಅದು ಗಟ್ಟಿ ಬರಲಿ ಎಂದು ಸರ್” ಎಂಬ ಉತ್ತರ.

ಹತ್ತು ವರ್ಷ ಬಾಳಿಕೆ ಎಂದದ್ದೂ ಸುಳ್ಳು. ತೆಂಗಿನ ನಾರು ಸೆಣಬಿಗಿಂತ ನಿಧಾನವಾಗಿ ಕೊಳೆಯುತ್ತದೆ, ಆದರೂ ಎರಡನೇ ಮಳೆಗಾಲ ಮುಗಿಯುವಾಗ ನೀರು ತಾಗುವ ಕಡೆ ಎಳೆದರೆ ಪಿಸಿಯುತ್ತಿತ್ತು. ನನಗೆ ಬೇಸರವಿಲ್ಲ. ಅಷ್ಟರಲ್ಲಿ ಲಾವಂಚ, ಲಕ್ಕಿ ಬೇರು ಬಿಟ್ಟಿದ್ದವು, ಹೊಳೆಮತ್ತಿ ಸಸಿಗಳು ಎದೆಯೆತ್ತರ ಬಂದಿದ್ದವು. 2024ರ ಜುಲೈಯಲ್ಲಿ ಪುನರ್ವಸು, ಪುಷ್ಯ ಎರಡೂ ಮಳೆ ಬಿಡುವಿಲ್ಲದೆ ಸುರಿದಾಗ ದಂಡೆ ನಿಂತದ್ದು ಅವುಗಳಿಂದ. ತಿರುಗಾಮುರುಗಾ ಹಾಸಿದ ಜಾಗದಲ್ಲಿ ಮಾತ್ರ ಒಂದು ಆಳುದ್ದ ಜರಿದಿದೆ. ಎಮ್ಮೆ ಇರುವವರು ಬೇಲಿಗೂ ಖರ್ಚು ಇಟ್ಟುಕೊಳ್ಳಿ. ಗೊರಸು ಸಿಕ್ಕಿ ಒಂದೇ ಎಳೆತಕ್ಕೆ ನಮ್ಮ ಎರಡು ಮೀಟರ್ ಹೋಯಿತು.

ಆ ವರ್ಷ ಜೂನ್‌ನಲ್ಲಿ, ಮೃಗಶಿರದ ಮೊದಲ ಜೋರು ಮಳೆಯ ರಾತ್ರಿ, ಮೊಟ್ಟೆ ಇಡಲು ಹಳ್ಳದಿಂದ ಮೇಲಕ್ಕೆ ಹತ್ತುವ ಹತ್ತುಮೀನು ಹಡ್ಲಿಗೇ ಬಂತು. ಬ್ಯಾಟರಿ ಬಿಟ್ಟು ನೋಡಿದರೆ ಜೊಂಡಿನ ಬುಡದಲ್ಲಿ ಮುಗುಡುಗಳು ಬೆನ್ನು ಮೇಲೆ ಮಾಡಿ ಹೊರಳುತ್ತಿದ್ದವು. ಕೈಯಲ್ಲಿ ಕತ್ತಿ, ಮೀನು ಹಿಡಿಯುವ ಕೂಣಿ ಹಿಡಿದು ಮೊದಲು ಬಂದವರು ಯಾರು ಎಂದು ಬೇರೆ ಹೇಳಬೇಕೇ? ಭಾವನನ್ನು ಬೈದು ಕಳಿಸಿದೆ, ಮೊಟ್ಟೆ ಇಡಲಿ ಬಿಡಿ ಎಂದು. ಮಂಡಗದ್ದೆಯ ನಡುಗಡ್ಡೆಯಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳಿಗೆ ಬೈಯುವವರು ಯಾರು. ಅವು ಬೆಳಗಾಗುವುದರೊಳಗೆ ಸಾಲುಗಟ್ಟಿ ನಿಂತಿದ್ದವು.

ಇದೇ ಹಾಸನ್ನು ಮತ್ತೆ ಕೊಳ್ಳುತ್ತೇನೆ, ಜರಿದ ಆ ಆಳುದ್ದ ಜಾಗಕ್ಕೆ ಬೇಕೇಬೇಕು. ಅವರ ಬಳಿ ಅಲ್ಲ. ನೀವು ಕೊಳ್ಳುವುದಾದರೆ ಬೆಂಕಿಪೊಟ್ಟಣ ತೆಗೆದುಕೊಂಡು ಹೋಗಿ. ಸುರುಳಿ ಬಿಚ್ಚಿಸಿ, ಅಂಚಿನಿಂದ ಒಂದು ಎಳೆ ಎಳೆದು ಕಡ್ಡಿ ಗೀರಿ. ನಾರಾದರೆ ಹೊಗೆಯಾಡಿ ಬೂದಿಯಾಗುತ್ತದೆ. ಪ್ಲಾಸ್ಟಿಕ್ ಆದರೆ ಕರಗಿ ತುದಿಯಲ್ಲಿ ಮಣಿಯಂತೆ ಉಂಡೆ ಕಟ್ಟುತ್ತದೆ.